ಡೆಕ್ ಕೆಳಗೆ ಒಪಾಸಮ್ ಸೇರಿಕೊಂಡಿದೆ: ಓಡಿಸಬೇಕಾ, ಬಿಡಬೇಕಾ?

ತುಮಕೂರು ತೆಂಗು (ಕ್ಯಾರಿ, ನಾರ್ತ್ ಕ್ಯಾರೊಲೈನಾ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದಿನ ಡೆಕ್ (ಮರದ ಹಲಗೆಯ ಜಗಲಿ) ಕೆಳಗೆ ಒಂದು ಒಪಾಸಮ್ ಸೇರಿಕೊಂಡಿದೆ. ದೊಡ್ಡ ಇಲಿಯ ಹಾಗೆ ಕಾಣುವ ಇಲ್ಲಿನ ಕಾಡುಪ್ರಾಣಿ ಅದು. ಕತ್ತಲಾದ ಮೇಲೆ ಹೊರಗೆ ಬಂದು ಬೇಲಿ ಪಕ್ಕದಲ್ಲೇ ನಡೆದು ಹೋಗುತ್ತದೆ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಅಮ್ಮ ಅದನ್ನು ನೋಡಿ "ಇಷ್ಟು ದೊಡ್ಡ ಹೆಗ್ಗಣ ಎಲ್ಲೂ ನೋಡಿಲ್ಲ ಕಣೋ" ಅಂದರು. ಈಗ ಸಂಜೆ ಆದರೆ ಹಿಂದಿನ ಬಾಗಿಲು ತೆಗೆಯಲು ಬಿಡುವುದಿಲ್ಲ. ಮೊನ್ನೆ ಟಾರ್ಚ್ ಬಿಟ್ಟಾಗ ಅದು ಬಾಯಿ ಅಗಲಿಸಿ, ಹಲ್ಲು ತೋರಿಸಿ, ಜೊಲ್ಲು ಸುರಿಸುತ್ತಾ ಬುಸ್ ಅಂತು. ಹುಚ್ಚು ಹಿಡಿದಿರಬಹುದು ಅಂತ ಅಪ್ಪನಿಗೆ ಭಯ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಪಕ್ಕದ ಮನೆಯವರು ಬೋನು ಇಡುವವರನ್ನು ಕರೆಸಿ ಅನ್ನುತ್ತಾರೆ. ಕೊಲ್ಲಿಸಲು ನಮಗೆ ಮನಸ್ಸಿಲ್ಲ. ಹಿಡಿಸಿ ದೂರದ ಕಾಡಲ್ಲಿ ಬಿಟ್ಟರೆ ಆಗುತ್ತಲ್ವಾ? ಗೊತ್ತಿರುವವರು ಹೇಳಿ.

ಹೊನ್ನೆಮರ (ರಾಲಿ, ನಾರ್ತ್ ಕ್ಯಾರೊಲೈನಾ)

ದಯವಿಟ್ಟು ಬೋನು ಇಡಿಸಬೇಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಗಾಯವಾದ, ತಾಯಿ ಇಲ್ಲದ ಕಾಡುಪ್ರಾಣಿಗಳನ್ನು ನೋಡಿಕೊಂಡು ಮತ್ತೆ ಬಿಡುವ ಒಂದು ಕೇಂದ್ರದಲ್ಲಿ ನಾನು ವಾರಾಂತ್ಯ ಕೆಲಸ ಮಾಡುತ್ತೇನೆ. ಒಪಾಸಮ್ ಮರಿಗಳಿಗೆ ಹಾಲು ಕುಡಿಸುವುದು ನನ್ನ ಪಾಲಿನ ಕೆಲಸ. ಈ ಪ್ರಾಣಿಯ ಮೇಲೆ ನನಗೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ನಿಮ್ಮ ತಂದೆಯವರ ಭಯದ ಬಗ್ಗೆ. ಬಾಯಿ ಅಗಲಿಸುವುದು, ಜೊಲ್ಲು ಸುರಿಸುವುದು, ಬುಸುಗುಟ್ಟುವುದು ಹುಚ್ಚಲ್ಲ. ಹೆದರಿದ ಒಪಾಸಮ್ ಮಾಡುವುದೇ ಅದು. ಬಾಯಲ್ಲಿ 50 ಹಲ್ಲು ಇವೆ. ಉತ್ತರ ಅಮೆರಿಕದ ಬೇರೆ ಯಾವ ನೆಲದ ಸಸ್ತನಿಗೂ ಇಷ್ಟು ಹಲ್ಲಿಲ್ಲ. ಹಾಗಾಗಿ ನೋಡಲು ಭಯಂಕರ. ಆದರೆ ಅದಕ್ಕೆ ಜಗಳ ಬೇಡ. ನೀವು ಹಿಂದೆ ಸರಿದರೆ ಅದೂ ಸರಿಯುತ್ತದೆ. ಮೂಲೆಗೆ ಒತ್ತಿದರೆ ಮಾತ್ರ ಕಚ್ಚಬಹುದು.

ರೇಬಿಸ್ ಒಪಾಸಮ್‌ಗಳಲ್ಲಿ ತುಂಬಾ ಅಪರೂಪ. ಅವುಗಳ ಮೈ ಬಿಸಿ ಬೇರೆ ಸಸ್ತನಿಗಳಿಗಿಂತ ಕಡಿಮೆ, ವೈರಸ್‌ಗೆ ಅದು ಒಗ್ಗುವುದಿಲ್ಲ ಅನ್ನುವುದು ಸಾಮಾನ್ಯವಾಗಿ ಕೊಡುವ ಕಾರಣ. ನಮ್ಮೂರಲ್ಲಿ ರೇಬಿಸ್ ಅಂದರೆ ನಾಯಿ. ಇಲ್ಲಿ ಭಯ ಪಡಬೇಕಾದ್ದು ಬಾವಲಿ, ರಕೂನ್, ನಾರುವ ದ್ರವ ಸಿಂಪಡಿಸುವ ಸ್ಕಂಕ್, ನರಿಗಳ ವಿಷಯದಲ್ಲಿ. ಹಾಗಂತ ಯಾವ ಕಾಡುಪ್ರಾಣಿ ಕಚ್ಚಿದರೂ ಸುಮ್ಮನಿರಬೇಡಿ. ಸೋಪು ನೀರಲ್ಲಿ 15 ನಿಮಿಷ ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ಮಾತು, ಮಗು ಮಲಗಿದ ಕೋಣೆಯಲ್ಲಿ ಬಾವಲಿ ಕಂಡರೆ ಕಚ್ಚಿದ ಗುರುತು ಇಲ್ಲದಿದ್ದರೂ ಡಾಕ್ಟರಿಗೆ ಹೇಳಲೇಬೇಕು. ಬಾವಲಿಯ ಹಲ್ಲು ಅಷ್ಟು ಸಣ್ಣದು, ಗುರುತೇ ಕಾಣದಿರಬಹುದು.

ಈಗ ಕಾಡಲ್ಲಿ ಬಿಡುವ ವಿಷಯ. ಕೇಳಲು ಒಳ್ಳೆಯದು ಅನ್ನಿಸುತ್ತದೆ, ಆದರೆ ಪ್ರಾಣಿಗೆ ಅದು ಶಿಕ್ಷೆ. ಗೊತ್ತಿಲ್ಲದ ಜಾಗ. ಎಲ್ಲಿ ನೀರು, ಎಲ್ಲಿ ಅಡಗಬೇಕು, ಎಲ್ಲಿ ತೋಳದಂಥ ಕಾಯೋಟಿ ಇದೆ, ಒಂದೂ ಗೊತ್ತಿರುವುದಿಲ್ಲ. ಹೆಣ್ಣಾಗಿದ್ದು ಮರಿಗಳನ್ನು ಗೂಡಲ್ಲಿ ಬಿಟ್ಟು ಬಂದಿದ್ದರೆ ಅವೂ ಸಾಯುತ್ತವೆ. ಅನುಮತಿ ಇಲ್ಲದೆ ಹಿಡಿದು ಬೇರೆ ಕಡೆ ಬಿಡುವುದು ಹಲವು ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ ಕೂಡ. ಇಷ್ಟೆಲ್ಲಾ ಮಾಡಿ ಇದನ್ನು ಕಳಿಸಿದರೂ ಡೆಕ್ ಕೆಳಗಿನ ಜಾಗ ಖಾಲಿಯೇ ಇರುತ್ತದೆ, ಇನ್ನೊಂದು ಬರುತ್ತದೆ. ಆ ಇನ್ನೊಂದು ಸ್ಕಂಕ್ ಆಗಿರಬಹುದು.

ನಿಜ ಹೇಳಬೇಕೆಂದರೆ ನೀವೇನೂ ಮಾಡದಿದ್ದರೂ ಅದು ಹೋಗುತ್ತದೆ. ಒಪಾಸಮ್‌ಗೆ ಒಂದೇ ಮನೆ ಅಂತ ಇಲ್ಲ. ಕೆಲವು ದಿನ ಇಲ್ಲಿ, ಕೆಲವು ದಿನ ಇನ್ನೊಂದು ಪೊಟರೆಯಲ್ಲಿ. ಬಿಟ್ಟು ಹೋಗದೆ ಅಲ್ಲೇ ನಿಂತಿದ್ದರೆ, ನಿಮ್ಮ ಅಂಗಳದಲ್ಲಿ ಅದಕ್ಕೆ ಊಟ ಸಿಗುತ್ತಿದೆ ಅಂತ ಅರ್ಥ. ಏನು ಸಿಗುತ್ತಿದೆ ನೋಡಿ. ಅಲ್ಲೇ ಇದಕ್ಕೆ ಪರಿಹಾರ ಇದೆ.

ಕ್ಯಾರಿ, ರಾಲಿ ಕಡೆ ಕಾಪರ್‌ಹೆಡ್ ಹಾವು ಎಷ್ಟಿವೆ ಅಂತ ನಿಮಗೂ ಗೊತ್ತು. ಒಪಾಸಮ್ ಆ ಹಾವುಗಳನ್ನೂ ತಿನ್ನುತ್ತದೆ. ಕಾಪರ್‌ಹೆಡ್, ರ‍್ಯಾಟಲ್‌ಸ್ನೇಕ್ ಜಾತಿಯ ಹಾವುಗಳ ವಿಷ ಅದರ ರಕ್ತದಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಬಿದ್ದು ಕೊಳೆತ ಹಣ್ಣು, ಬಸವನಹುಳು, ಜಿರಳೆ, ಇಲಿ, ಸತ್ತ ಪ್ರಾಣಿ ಎಲ್ಲವನ್ನೂ ತಿಂದು ಜಾಗ ಚೊಕ್ಕ ಮಾಡುತ್ತದೆ. ಅಮೆರಿಕ, ಕೆನಡಾಗಳ ನೆಲದಲ್ಲೇ ಹುಟ್ಟಿ ಬೆಳೆದ, ಹೊಟ್ಟೆಯಲ್ಲಿ ಚೀಲ ಇರುವ ಪ್ರಾಣಿ ಇದೊಂದೇ. ನಮ್ಮ ರಾಜ್ಯ 2013ರಲ್ಲಿ ಇದಕ್ಕೆ ರಾಜ್ಯದ ಪ್ರಾಣಿಗಳ ಸಾಲಲ್ಲಿ ಗೌರವದ ಜಾಗ ಕೊಟ್ಟಿದೆ. ನಿಮ್ಮ ಅಮ್ಮನಿಗೆ ಹೇಳಿ, ಇದು ಹೆಗ್ಗಣದ ಬಳಗ ಅಲ್ಲ, ಕಾಂಗರೂ ಬಳಗ.

ಕೋಳಿಗೂಡು (ಆಸ್ಟಿನ್ ಹತ್ತಿರ, ಟೆಕ್ಸಸ್)

ಮೇಡಂ, ನಿಮ್ಮ ಪ್ರೀತಿ ಅರ್ಥ ಆಗುತ್ತೆ. ಆದರೆ ಕೋಳಿ ಸಾಕುವವರನ್ನೂ ಕೇಳಿ. ನಮ್ಮ ಗೂಡಿಗೆ ನುಗ್ಗಿ ಮೊಟ್ಟೆ ತಿಂದಿದೆ, ಮರಿಗಳನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದು ಗೂಡು ತೆಗೆದಾಗ ರೆಕ್ಕೆ ಪುಕ್ಕ ಬಿದ್ದಿರುವುದನ್ನು ನೋಡಿ ಮಕ್ಕಳು ಅತ್ತಿದ್ದಾರೆ. ನಮ್ಮ ಬೀದಿಯಲ್ಲಿ ಕುದುರೆ ಸಾಕುವವರೊಬ್ಬರಿದ್ದಾರೆ. ಅವರಿಗಂತೂ ಒಪಾಸಮ್ ಹೆಸರೆತ್ತಿದರೆ ಸಿಟ್ಟು. ಅದರ ಹಿಕ್ಕೆಯಿಂದ ಕುದುರೆಗೆ ನರದ ಕಾಯಿಲೆ ಬರುತ್ತದೆ ಅನ್ನುತ್ತಾರೆ. ಇದು ನಿಜಾನಾ?

ಹೊನ್ನೆಮರ

ನಿಜ ಸರ್. ಕುದುರೆಯವರ ಸಿಟ್ಟಿಗೆ ಕಾರಣ ಇದೆ. ಸಾರ್ಕೋಸಿಸ್ಟಿಸ್ ಅನ್ನುವ ಪರಾವಲಂಬಿ ಒಪಾಸಮ್‌ನ ಕರುಳಲ್ಲಿ ಬೆಳೆಯುತ್ತದೆ. ಹಿಕ್ಕೆ ಬಿದ್ದ ಹುಲ್ಲು, ದಾಣಿ, ನೀರಿನ ಮೂಲಕ ಕುದುರೆಯ ಹೊಟ್ಟೆ ಸೇರುತ್ತದೆ. ಅದು ಮಿದುಳು, ಬೆನ್ನುಹುರಿಗೆ ಹೋದರೆ ಕುದುರೆ ಹೆಜ್ಜೆ ತಪ್ಪಿ ತಟ್ಟಾಡುತ್ತದೆ. ಕುದುರೆ ಇರುವ ಕಡೆ ಒಪಾಸಮ್ ಇರಲಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ದಾಣಿಯನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಡಬೇಕು, ಚೆಲ್ಲಿದ್ದನ್ನು ರಾತ್ರಿಗೆ ಮೊದಲು ಗುಡಿಸಬೇಕು.

ಕೋಳಿ ವಿಷಯದಲ್ಲಿ ಒಂದು ಮಾತು. ಅಂಗಡಿಯಲ್ಲಿ ಕೋಳಿಗೂಡಿಗೆ ಅಂತ ಮಾರುವ ಆರು ಮೂಲೆ ಕಣ್ಣಿನ ತೆಳು ಬಲೆ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ. ರಕೂನ್ ಅದರ ಸಂದಿಯಲ್ಲಿ ಕೈ ತೂರಿಸಿ ಎಳೆಯುತ್ತದೆ, ಸಲೀಸಾಗಿ ಹರಿದೂ ಹಾಕುತ್ತದೆ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ ಬೇಕು. ಸಾದಾ ಚಿಲಕ ಸಾಲದು, ರಕೂನ್ ತೆಗೆಯುತ್ತದೆ. ಕ್ಲಿಪ್ ಇರುವ ಕೊಂಡಿ ಹಾಕಿ. ಕತ್ತಲಾಗುವ ಮೊದಲೇ ಗೂಡು ಮುಚ್ಚಿ. ಕೋಳಿಗಳನ್ನು ಸಾಕುವ ಹೊಣೆ ನಮ್ಮದು, ಅವನ್ನು ಕಾಯುವ ಹೊಣೆಯೂ ನಮ್ಮದೇ ಅಲ್ವಾ?

ಹಸಿರು ಅಂಗಳ (ಹಾರ್ಟ್‌ಫರ್ಡ್, ಕನೆಕ್ಟಿಕಟ್)

ಒಪಾಸಮ್ ವಾರಕ್ಕೆ 5000 ಉಣ್ಣಿ ತಿನ್ನುತ್ತದಂತೆ! ನಮ್ಮ ಕಡೆ ಉಣ್ಣಿ ಕಚ್ಚಿ ಬರುವ ಲೈಮ್ ಕಾಯಿಲೆ ಜಾಸ್ತಿ. ಹಾಗಾಗಿ ನಾವು ಬೇಕು ಅಂತಲೇ ಬೆಕ್ಕಿನ ಆಹಾರ ಇಟ್ಟು ಕರೆಯುತ್ತೇವೆ.

ಪ್ರಯೋಗಶಾಲೆ (ಅರ್ಬಾನಾ, ಇಲಿನಾಯ್)

ಈ 5000 ಲೆಕ್ಕ ಎಲ್ಲ ಕಡೆ ಓಡಾಡುತ್ತಿದೆ, ಆದರೆ ಗಟ್ಟಿ ಇಲ್ಲ. ಇದು ಹುಟ್ಟಿದ್ದು 2009ರ ಒಂದು ಅಧ್ಯಯನದಿಂದ. ಕೆಲವು ಒಪಾಸಮ್‌ಗಳನ್ನು ಪಂಜರದಲ್ಲಿಟ್ಟು ಮೈಮೇಲೆ ಉಣ್ಣಿ ಮರಿಗಳನ್ನು ಬಿಟ್ಟರು. ರಕ್ತ ಕುಡಿದು ಕೆಳಗೆ ಬಿದ್ದವನ್ನು ಎಣಿಸಿದರು. ಬೀಳದೆ ಹೋದವನ್ನೆಲ್ಲ ಒಪಾಸಮ್ ತಿಂದಿದೆ ಅಂತ ಲೆಕ್ಕ ಹಾಕಿದರು. ತಿನ್ನುವುದನ್ನು ಯಾರೂ ಕಣ್ಣಲ್ಲಿ ನೋಡಿ ಎಣಿಸಿದ್ದಲ್ಲ. 2021ರಲ್ಲಿ ನಮ್ಮ ಇಲಿನಾಯ್ ಕಡೆಯ 32 ಒಪಾಸಮ್‌ಗಳ ಹೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದೇ ಒಂದು ಉಣ್ಣಿಯ ಚೂರೂ ಸಿಗಲಿಲ್ಲ. ಅದನ್ನು ನಂಬಿಕೊಂಡು ಮಕ್ಕಳನ್ನು ಹುಲ್ಲಿಗೆ ಬಿಡಬೇಡಿ. ಉದ್ದ ಕಾಲುಚೀಲ ಹಾಕಿಸಿ, ಒಳಗೆ ಬಂದಮೇಲೆ ಕಿವಿ ಹಿಂದೆ, ಕಂಕುಳು, ಮಂಡಿ ಹಿಂಭಾಗ ನೋಡಿ.

ಹೊನ್ನೆಮರ

ಧನ್ಯವಾದ ಸರ್. ಒಪಾಸಮ್ ಮೇಲೆ ಪ್ರೀತಿ ಇರುವವರು ಈ ಮಾತನ್ನು ಮೊದಲು ಬಿಡಬೇಕು. ಪ್ರಾಣಿ ನಮಗೆ ಉಪಕಾರ ಮಾಡಿದರೆ ಮಾತ್ರ ಅದಕ್ಕೆ ಬದುಕುವ ಹಕ್ಕು ಅನ್ನುವ ಯೋಚನೆಯೇ ನನಗೆ ಒಪ್ಪಿಗೆ ಇಲ್ಲ.

ಹಸಿರು ಅಂಗಳ ಅವರೇ, ಬೆಕ್ಕಿನ ಆಹಾರ ಇಡುವುದನ್ನು ನಿಲ್ಲಿಸಿ. ಬೈಯುತ್ತಿಲ್ಲ, ಕೇಳಿಕೊಳ್ಳುತ್ತಿದ್ದೇನೆ. ಒಪಾಸಮ್‌ಗೆ ಕ್ಯಾಲ್ಸಿಯಂ, ರಂಜಕದ ಅಳತೆ ಸ್ವಲ್ಪ ತಪ್ಪಿದರೂ ಮೂಳೆ ಮೆತ್ತಗಾಗಿ ಬಾಗುತ್ತದೆ. ಯಾರೋ ಪ್ರೀತಿಯಿಂದ ಬರೀ ಬಾಳೆಹಣ್ಣು, ಮಾಂಸ ಹಾಕಿ ಸಾಕಿದ ಮರಿಗಳು ನಮ್ಮಲ್ಲಿಗೆ ಬರುತ್ತವೆ. ಕಾಲು ಊರಲು ಆಗುವುದಿಲ್ಲ ಅವಕ್ಕೆ. ನೋಡಲು ಆಗುವುದಿಲ್ಲ. ಅದಲ್ಲದೆ ತಟ್ಟೆ ಇಟ್ಟರೆ ರಕೂನ್, ಸ್ಕಂಕ್ ಎಲ್ಲ ಒಂದೇ ಕಡೆ ಸೇರುತ್ತವೆ, ಒಂದರ ಕಾಯಿಲೆ ಇನ್ನೊಂದಕ್ಕೆ ಹರಡುತ್ತದೆ. ರಕೂನ್ ಒಂದೇ ಜಾಗದಲ್ಲಿ ಪದೇ ಪದೇ ಹಿಕ್ಕೆ ಹಾಕುತ್ತದೆ. ಅದರಲ್ಲಿರುವ ದುಂಡುಹುಳುವಿನ ಮೊಟ್ಟೆ ಮಕ್ಕಳ ಬಾಯಿಗೆ ಹೋದರೆ ಮಿದುಳಿಗೆ ಅಪಾಯ. ಮಕ್ಕಳಾಡುವ ಮರಳಿನ ಗುಂಡಿಯನ್ನು ರಾತ್ರಿ ಮುಚ್ಚಿಡಿ.

ಕಾವೇರಿ ತೀರ (ಎಡಿಸನ್, ನ್ಯೂಜೆರ್ಸಿ)

ನನ್ನದೊಂದು ಪ್ರಶ್ನೆ. ಬೇರೆ ಕಡೆ ಕೇಳಲು ಸಂಕೋಚ. ನಮ್ಮ ಮಾವನವರ ತಿಥಿ ದಿನ ಕಾಗೆಗೆ ಅನ್ನ ಇಡುತ್ತೇವೆ. ಪಿತೃಪಕ್ಷದಲ್ಲೂ ಇಡುತ್ತೇವೆ. ಡೆಕ್ ಕಟಕಟೆ ಮೇಲೆ ಎಲೆ ಹಾಕಿ ಇಟ್ಟರೆ ಕೆಲವು ಸಲ ಕಾಗೆ ಬರುವುದೇ ಇಲ್ಲ. ಮಾರನೇ ದಿನ ನೋಡಿದರೆ ಎಲೆ ಖಾಲಿ, ಮಣ್ಣಿನ ಹೆಜ್ಜೆ ಗುರುತು. ಅತ್ತೆಗೆ ಬೇಜಾರು. ಇದನ್ನು ಬಿಡಲೂ ಆಗುವುದಿಲ್ಲ. ಏನು ಮಾಡಬಹುದು?

ಹೊನ್ನೆಮರ

ಬಿಡಬೇಕಾಗಿಲ್ಲ ಅಕ್ಕ. ಕಾಗೆ ಹಗಲಿನ ಹಕ್ಕಿ, ಒಪಾಸಮ್ ಮತ್ತು ರಕೂನ್ ಹೆಚ್ಚಾಗಿ ರಾತ್ರಿಯವು. ಬೆಳಕಿರುವಾಗಲೇ, ಮನೆಯಿಂದ ಸ್ವಲ್ಪ ದೂರ, ಎತ್ತರದ ಬಯಲು ಜಾಗದಲ್ಲಿ ಇಡಿ. ಒಂದು ತುತ್ತು ಸಾಕು. ಸೂರ್ಯ ಮುಳುಗುವ ಮೊದಲು ಉಳಿದದ್ದನ್ನು ಎತ್ತಿ ಮುಚ್ಚಳ ಇರುವ ಡಬ್ಬಕ್ಕೆ ಹಾಕಿ. ವಡೆ, ಪಾಯಸ ರಾತ್ರಿ ಹೊರಗೆ ಉಳಿಯದಿದ್ದರೆ ಸಾಕು.

ಗಿರಿನಗರ (ಸಸೆಕ್ಸ್ ಕೌಂಟಿ, ನ್ಯೂಜೆರ್ಸಿ)

ಎಡಿಸನ್ ಅವರಿಗೆ ಒಂದು ಸೇರಿಸುತ್ತೇನೆ. ನಮ್ಮ ರಾಜ್ಯದ 21 ಕೌಂಟಿಗಳಲ್ಲೂ ಕಪ್ಪು ಕರಡಿ ಕಂಡಿದೆ. ಕರಡಿಗೆ ಊಟ ಹಾಕುವುದು ಇಲ್ಲಿ ಅಪರಾಧ. ನಮ್ಮ ಕಡೆಯಂತೂ ಹಕ್ಕಿಗೆ ಕಾಳು ಇಡುವ ಡಬ್ಬವನ್ನೂ ಬೇಸಿಗೆಯಲ್ಲಿ ಇಳಿಸಿಬಿಡುತ್ತೇವೆ. ಕಸದ ತೊಟ್ಟಿಯನ್ನು ಹಿಂದಿನ ರಾತ್ರಿಯೇ ರಸ್ತೆಗೆ ತಳ್ಳಬೇಡಿ, ಬೆಳಿಗ್ಗೆ ತಳ್ಳಿ.

ಮಲ್ಲೇಶ್ವರಂ ಹುಡುಗಿ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಇಲ್ಲಿನ ಒಪಾಸಮ್ ಇಲ್ಲಿಯದಲ್ಲ. 20ನೇ ಶತಮಾನದ ಆರಂಭದಲ್ಲಿ ಜನರೇ ಪೂರ್ವದ ಕಡೆಯಿಂದ ನಮ್ಮ ಊರಿಗೆ ತಂದು ಬಿಟ್ಟಿದ್ದು. ನಾನು ಹೇಳಬೇಕಾದ್ದು ಇಲಿ ಪಾಷಾಣದ ಬಗ್ಗೆ. ನಿಂಬೆ, ಕಿತ್ತಳೆ ಮರಕ್ಕೆ ಇಲಿ ಬರುತ್ತವೆ ಅಂತ ಜನ ವಿಷದ ಡಬ್ಬ ಇಡಿಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ಅದು. ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ನಿಧಾನವಾಗಿ ಓಡಾಡುತ್ತದೆ. ಅಂಥ ಇಲಿಯನ್ನು ಗೂಬೆ, ಒಪಾಸಮ್, ನರಿ ಹಿಡಿದು ತಿನ್ನುತ್ತವೆ. ವಿಷ ಅವುಗಳ ಮೈ ಸೇರುತ್ತದೆ. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕ್‌ನಲ್ಲಿದ್ದ ಪಿ-22 ಅನ್ನುವ ಬೆಟ್ಟದ ಸಿಂಹ (ಪ್ಯೂಮಾ) ನೆನಪಿದೆಯಾ? 2014ರಲ್ಲಿ ಅದಕ್ಕೆ ಕಜ್ಜಿ ಹಿಡಿದು ಸೊರಗಿದಾಗ ರಕ್ತದಲ್ಲಿ ಈ ವಿಷವೇ ಸಿಕ್ಕಿತ್ತು. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ಇದರಲ್ಲಿ ಅತಿ ಜೋರಿನ ಬಗೆಯನ್ನು ಬಹುತೇಕ ಕಡೆ ಬಳಸುವಂತಿಲ್ಲ. ನಿಮ್ಮ ರಾಜ್ಯದಲ್ಲಿ ಕಾನೂನು ಇರಲಿ ಬಿಡಲಿ, ದಯವಿಟ್ಟು ಇಡಬೇಡಿ.

ನಾಯಿ ಇರುವವರಿಗೆ ಇನ್ನೊಂದು. ಸ್ಕಂಕ್ ನಾಯಿಗೆ ಸಿಂಪಡಿಸಿದರೆ ಟೊಮೆಟೊ ರಸ ಹಚ್ಚಬೇಡಿ, ವಾಸನೆ ಹೋಗುವುದಿಲ್ಲ. ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಒಂದು ಲೀಟರ್, ಕಾಲು ಕಪ್ ಅಡುಗೆ ಸೋಡಾ, ಒಂದು ಚಮಚ ಪಾತ್ರೆ ತೊಳೆಯುವ ಸೋಪು. ಆಗಲೇ ಕಲಸಿ ಆಗಲೇ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಕಣ್ಣಿಗೆ ಬೀಳಬಾರದು. ಉಳಿದದ್ದನ್ನು ಬಾಟಲಿಗೆ ಹಾಕಿ ಮುಚ್ಚಬೇಡಿ, ಗ್ಯಾಸ್ ತುಂಬಿ ಸಿಡಿಯುತ್ತದೆ.

ಮೈಸೂರು ಮಲ್ಲಿಗೆ (ಅರ್ವೈನ್, ಕ್ಯಾಲಿಫೋರ್ನಿಯಾ)

ದಕ್ಷಿಣ ಕ್ಯಾಲಿಫೋರ್ನಿಯಾ, ಟೆಕ್ಸಸ್ ಕಡೆಯವರು ಚಿಗಟದ ಬಗ್ಗೆ ಎಚ್ಚರ ಇರಲಿ. ಇಲಿ, ಬೀದಿ ಬೆಕ್ಕು, ಒಪಾಸಮ್ ಮೇಲಿನ ಚಿಗಟದಿಂದ ಒಂದು ಬಗೆಯ ಟೈಫಸ್ ಜ್ವರ ಬರುತ್ತದೆ. 2018ರಲ್ಲಿ ಲಾಸ್ ಏಂಜಲೀಸ್ ಡೌನ್‌ಟೌನ್‌ನಲ್ಲಿ ಒಟ್ಟೊಟ್ಟಿಗೆ ಹಲವರಿಗೆ ಬಂದಿತ್ತು. ನಮ್ಮ ಟೈಫಾಯ್ಡ್ ಬೇರೆ, ಇದು ಬೇರೆ. ಜೋರು ಜ್ವರ, ತಲೆನೋವು, ಮೈಮೇಲೆ ದದ್ದು ಬಂದರೆ ಅಂಗಳಕ್ಕೆ ಪ್ರಾಣಿ ಬರುತ್ತವೆ ಅನ್ನುವುದನ್ನು ಡಾಕ್ಟರಿಗೆ ಹೇಳಿ. ಡಾಕ್ಸಿಸೈಕ್ಲಿನ್ ಮಾತ್ರೆಗೆ ವಾಸಿಯಾಗುತ್ತದೆ. ಮನೆ ನಾಯಿ, ಬೆಕ್ಕಿಗೆ ಚಿಗಟದ ಔಷಧಿ ತಪ್ಪಿಸಬೇಡಿ.

ತೀರ್ಥಹಳ್ಳಿ ಮಳೆ (ಮಿಸಿಸ್ಸಾಗಾ, ಕೆನಡಾ)

ನಮ್ಮಲ್ಲಿಗೂ ಬರುತ್ತದೆ. ಚಳಿಗಾಲದಲ್ಲಿ ಪಾಪ, ಕಿವಿ ತುದಿ, ಬಾಲದ ತುದಿ ಚಳಿಗೆ ಸುಟ್ಟು ಕಪ್ಪಾಗಿರುತ್ತದೆ. ಅಲ್ಲಿ ಕೂದಲೇ ಇಲ್ಲವಲ್ಲ. ಊರಲ್ಲಿ ಅಟ್ಟದ ಮೇಲೆ ಪುನುಗಿನ ಬೆಕ್ಕು ಓಡಾಡಿದರೆ ಅಜ್ಜಿ "ಇರಲಿ ಬಿಡು, ಅದರ ಪಾಡಿಗೆ ಅದು" ಅನ್ನುತ್ತಿದ್ದರು. ನಾನೂ ಹಾಗೇ ಇದ್ದೇನೆ.

ದಾರಿಹೋಕ (ಅಟ್ಲಾಂಟಾ, ಜಾರ್ಜಿಯಾ)

ರಸ್ತೆಯಲ್ಲಿ ಕಾರಿಗೆ ಸಿಕ್ಕಿದ ಒಪಾಸಮ್ ಕಂಡರೆ ಮರಿ ಇದೆಯಾ ನೋಡಿ ಅಂತ ಯಾರೋ ಹೇಳಿದ್ದರು. ನಿಜವಾಗಿ ನೋಡಬೇಕಾ? ಹತ್ತಿರ ಹೋಗಲು ಭಯ. ಸತ್ತಿದೆಯೋ ನಾಟಕವೋ ಹೇಗೆ ಗೊತ್ತಾಗುತ್ತೆ?

ಹೊನ್ನೆಮರ

ಈ ಪ್ರಶ್ನೆ ಕೇಳಿದ್ದಕ್ಕೆ ಮನಸ್ಸು ತುಂಬಿ ಬಂತು.

ಮೊದಲು ಆ ನಾಟಕದ ವಿಷಯ. ಅದು ನಾಟಕ ಅಲ್ಲ. ಬೇಕು ಅಂತ ಮಾಡುವುದಲ್ಲ, ತೀರಾ ಹೆದರಿದಾಗ ತಾನಾಗಿ ಆಗುವ ಮೂರ್ಛೆ. ಮಗ್ಗುಲಾಗಿ ಬೀಳುತ್ತದೆ, ನಾಲಿಗೆ ಹೊರಗೆ, ಜೊಲ್ಲು, ಹಿಂಭಾಗದಿಂದ ಹಸಿರು ದ್ರವ, ಹೆಣದ ವಾಸನೆ. ಕೆಲವು ನಿಮಿಷದಿಂದ ಕೆಲವು ಗಂಟೆವರೆಗೆ ಹಾಗೇ ಇರಬಹುದು. ಅಂಗಳದಲ್ಲಿ ಗಾಯ ಇಲ್ಲದೆ ಬಿದ್ದಿದ್ದರೆ ಕಸದ ಚೀಲಕ್ಕೆ ಹಾಕಬೇಡಿ. ನಾಯಿಯನ್ನು ಒಳಗೆ ಕರೆದುಕೊಳ್ಳಿ, ಬಾಗಿಲು ಹಾಕಿ. ಆಮೇಲೆ ಮೊದಲು ಕಿವಿ ಅಲುಗುತ್ತದೆ, ಎದ್ದು ಹೋಗುತ್ತದೆ.

ರಸ್ತೆಯಲ್ಲಿ ಸತ್ತಿರುವುದು ಖಚಿತವಾದರೆ, ನಿಮಗೆ ಅಪಾಯ ಇಲ್ಲದ ಜಾಗವಾದರೆ ಮಾತ್ರ ನೋಡಿ. ಹೈವೇಯಲ್ಲಿ ಖಂಡಿತ ಬೇಡ. ಈ ಪ್ರಾಣಿ ಬಸಿರಾಗಿ 12–13 ದಿನಕ್ಕೇ ಹಡೆಯುತ್ತದೆ. ಹುಟ್ಟಿದ ಮರಿ ಅವರೆಕಾಳಿನಷ್ಟು ಇರುತ್ತದೆ. ಕಣ್ಣಿಲ್ಲ, ಕಿವಿಯಿಲ್ಲ, ಆದರೂ ತಾನೇ ತೆವಳಿಕೊಂಡು ಚೀಲ ಸೇರಬೇಕು. ಅಲ್ಲಿ ಸಾಮಾನ್ಯವಾಗಿ 13 ಮೊಲೆ. ಸಿಕ್ಕಿದ ಮರಿ ಬದುಕುತ್ತದೆ, ಸಿಗದ ಮರಿ ಇಲ್ಲ. ಮೊಲೆಯ ತುದಿ ಮರಿಯ ಬಾಯೊಳಗೆ ಉಬ್ಬಿಕೊಂಡು ವಾರಗಟ್ಟಲೆ ಬಿಡುವುದೇ ಇಲ್ಲ. ಹಾಗಾಗಿ ತಾಯಿ ಸತ್ತಮೇಲೂ ಮರಿಗಳು ಚೀಲದಲ್ಲಿ ಜೀವಂತ ಇರುತ್ತವೆ. ಕೈಗವಸು ಹಾಕಿ ಹೊಟ್ಟೆಯ ಚೀಲ ನೋಡಿ. ಮರಿ ಇದ್ದರೆ ಎಳೆಯಲೇಬೇಡಿ. ಎಳೆದರೆ ಅವುಗಳ ಬಾಯಿ ಹರಿಯುತ್ತದೆ. ತಾಯಿಯ ಸಮೇತ ಪೆಟ್ಟಿಗೆಯಲ್ಲಿಟ್ಟು, ಬೆಚ್ಚಗೆ ಬಟ್ಟೆ ಮುಚ್ಚಿ, ಪರವಾನಗಿ ಇರುವ ಪುನರ್ವಸತಿಗಾರರಿಗೆ ಕೊಡಿ. ಹತ್ತಿರ ಯಾರಿದ್ದಾರೆ ಅಂತ ಅನಿಮಲ್ ಹೆಲ್ಪ್ ನೌ ಅನ್ನುವ ತಾಣದಲ್ಲಿ ನೋಡಬಹುದು. ಹಾಲು, ನೀರು ಏನೂ ಕುಡಿಸಬೇಡಿ. ಮನೆಯಲ್ಲಿ ಸಾಕುವ ಆಸೆಯೂ ಬೇಡ.

ಇನ್ನೊಂದು. ದೊಡ್ಡ ಮರಿಗಳು ತಾಯಿಯ ಬೆನ್ನ ಮೇಲೆ ಸವಾರಿ ಮಾಡುತ್ತವೆ. ಒಂದು ಜಾರಿ ಬಿದ್ದರೆ ತಾಯಿ ಹುಡುಕಿಕೊಂಡು ಬರುವುದಿಲ್ಲ. ಒಂಟಿ ಮರಿ ಕಂಡರೆ ಮೂಗಿನಿಂದ ಬಾಲದ ಬುಡದವರೆಗೆ ಅಂದಾಜು ಮಾಡಿ, ಬಾಲ ಸೇರಿಸಬೇಡಿ. 7 ಇಂಚಿಗಿಂತ ದೊಡ್ಡದು, ಗಾಯ ಇಲ್ಲ ಅಂದರೆ ಅದು ಸ್ವಂತ ಬದುಕುವಷ್ಟು ಬೆಳೆದಿದೆ, ಬಿಟ್ಟುಬಿಡಿ. ಅದಕ್ಕಿಂತ ಚಿಕ್ಕದಾದರೆ ಸಹಾಯ ಬೇಕು.

ತುಮಕೂರು ತೆಂಗು

ಎಲ್ಲ ಓದಿದೆ, ಅಪ್ಪ ಅಮ್ಮನಿಗೂ ಓದಿ ಹೇಳಿದೆ. ನಮ್ಮಲ್ಲಿ ಊಟ ಎಲ್ಲಿ ಸಿಗುತ್ತಿದೆ ಅಂತ ಅಮ್ಮನೇ ಕಂಡುಹಿಡಿದರು. ತರಕಾರಿ ಮಡಿಗೆ ಗೊಬ್ಬರ ಆಗಲಿ ಅಂತ ಅಡುಗೆಮನೆ ಸಿಪ್ಪೆ ಜೊತೆ ಉಳಿದ ಅನ್ನ ಹುಳಿಯೂ ಮೂಲೆಯ ಗುಂಡಿಗೆ ಹೋಗುತ್ತಿತ್ತು. ಗ್ರಿಲ್ ಕೆಳಗಿನ ಎಣ್ಣೆ ತಟ್ಟೆಯೂ ಹಾಗೇ ಇತ್ತು. ಬೋನಿನ ಯೋಚನೆ ಬಿಟ್ಟೆವು. ಆದರೆ ಡೆಕ್ ಸಂದಿ ಮುಚ್ಚಬೇಕು ಅನ್ನುವುದು ಅಪ್ಪನ ಹಟ. ಒಳಗೆ ಮರಿ ಇದ್ದರೆ? ಹೇಗೆ ತಿಳಿಯುವುದು?

ಹೊನ್ನೆಮರ

ನಿಮ್ಮ ತಂದೆಯವರ ಮಾತು ಸರಿ, ಮುಚ್ಚಬಹುದು. ಹೊರಗೆ ಹೋಗಿದೆ ಅಂತ ಖಾತ್ರಿ ಆದಮೇಲೆ ಮಾತ್ರ. ಸಂಜೆ ಸಂದಿಯ ಮುಂದೆ ಮೈದಾ ಅಥವಾ ಅಕ್ಕಿ ಹಿಟ್ಟನ್ನು ತೆಳ್ಳಗೆ ಉದುರಿಸಿ. ಬೆಳಿಗ್ಗೆ ಹೆಜ್ಜೆ ನೋಡಿ. ಒಪಾಸಮ್‌ನ ಹಿಂಗಾಲಿನ ಹೆಬ್ಬೆರಳು ಪಕ್ಕಕ್ಕೆ ಚಾಚಿರುತ್ತದೆ, ಅದಕ್ಕೆ ಉಗುರು ಇಲ್ಲ. ಬೇರೆ ಪ್ರಾಣಿಯ ಗುರುತು ಹಾಗಿರುವುದಿಲ್ಲ. ಆಮೇಲೆ ಸಂದಿಗೆ ಹಳೆ ಪೇಪರ್ ಉಂಡೆ ಮಾಡಿ ಸಡಿಲವಾಗಿ ತುರುಕಿ. ಎರಡು ಮೂರು ರಾತ್ರಿ ಪೇಪರ್ ಅಲುಗದಿದ್ದರೆ ಒಳಗೆ ಯಾರೂ ಇಲ್ಲ. ಮಳೆ ಬಂದ ರಾತ್ರಿಯನ್ನು ಲೆಕ್ಕಕ್ಕೆ ಇಡಬೇಡಿ, ಅವು ಹೊರಡದೆ ಇರಬಹುದು. ಚಿಕ್ಕ ಮರಿ ತಾಯಿಯ ಚೀಲದಲ್ಲೇ ಹೊರಗೆ ಹೋಗುತ್ತದೆ. ಚೀಲ ಬಿಟ್ಟು ಬೆನ್ನೇರುವ ವಯಸ್ಸಿನವು ಗೂಡಲ್ಲಿ ಉಳಿದಿರಬಹುದು, ಅದಕ್ಕೇ ಅವಸರ ಬೇಡ ಅನ್ನುವುದು.

ಮುಚ್ಚಲು ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿಯೇ ಆಗಲಿ. ಒಪಾಸಮ್ ನೆಲ ಅಗೆಯುವುದಿಲ್ಲ, ಆದರೆ ಸ್ಕಂಕ್, ಗ್ರೌಂಡ್‌ಹಾಗ್ ಅಗೆಯುತ್ತವೆ. ಹಾಗಾಗಿ ಜಾಲರಿಯನ್ನು ಒಂದು ಅಡಿ ಮಣ್ಣಿನೊಳಗೆ ಇಳಿಸಿ, ಕೆಳಗೆ ಹೊರಮುಖವಾಗಿ ಇನ್ನೊಂದು ಅಡಿ ಮಡಿಸಿ. ಗೊಬ್ಬರಕ್ಕೆ ಹಸಿ ಸಿಪ್ಪೆ, ಒಣಗಿದ ಎಲೆ ಮಾತ್ರ ಹಾಕಿ. ಬೇಯಿಸಿದ್ದು, ಎಣ್ಣೆಯದ್ದು, ಮೊಸರು ಬೇಡ. ಮುಚ್ಚಳ ಇರುವ ತೊಟ್ಟಿ ತಂದರೆ ಇನ್ನೂ ಒಳ್ಳೆಯದು.

ತುಮಕೂರು ತೆಂಗು

ಸರಿ ಅಕ್ಕ. ಈ ಶನಿವಾರ ಗೊಬ್ಬರದ ತೊಟ್ಟಿ ತರುತ್ತೇವೆ. ಜಾಲರಿ ಕೆಲಸ ಪೇಪರ್ ನೋಡಿದ ಮೇಲೆ. ಅಮ್ಮನದು ಒಂದು ಪ್ರಶ್ನೆ ಉಳಿದಿದೆ: ಡೆಕ್ ಮುಚ್ಚಿದರೆ ಅದು ಎಲ್ಲಿ ಮಲಗಬೇಕು?

ಹೊನ್ನೆಮರ

ಅಂಗಳದ ಹಿಂದೆ ಮರಗಳಿದ್ದರೆ, ಮುರಿದ ಕೊಂಬೆಗಳನ್ನು ಮನೆಯಿಂದ ದೂರ ಒಂದು ಮೂಲೆಯಲ್ಲಿ ಒಟ್ಟಿಬಿಡಿ, ಎಲೆ ಗುಡಿಸಿ ಅದರ ಮೇಲೆ ಹಾಕಿ. ಬಾಲದಲ್ಲಿ ಎಲೆ ಸುತ್ತಿ ಹಿಡಿದು ಅದೇ ಒಳಗೆ ಹಾಸಿಕೊಳ್ಳುತ್ತದೆ. ಆ ಕಡೆ ಮಗಳು ಆಡದಂತೆ ನೋಡಿಕೊಳ್ಳಿ, ಕೊಂಬೆ ರಾಶಿಗೆ ಕಾಪರ್‌ಹೆಡ್ ಕೂಡ ಬರಬಹುದು.